ನಿಶ್ಚಿಂತಯ್ಯನ ಕರಿದಾರ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ನೆನಪಿರದ ಕಾಲದಲ್ಲಿ, ಮಬ್ಬುಗಿರಿ ಎಂಬ ರಾಜ್ಯವಿತ್ತು. ರಾಜ್ಯ ಅಂದಮೇಲೆ ರಾಜನೂ ಇದ್ದ, ಕೋಟೆಯೂ ಇತ್ತು, ಆನೆಯೂ ಇತ್ತು. ಆದರೆ ಆ ರಾಜ್ಯದಲ್ಲಿ ಒಬ್ಬರ ಅಳು ಇನ್ನೊಬ್ಬರ ಮನೆಯೊಳಗೆ ಕೇಳಿಸುತ್ತಿರಲಿಲ್ಲ.

ಮೊದಲೇನೂ ಹಾಗಿರಲಿಲ್ಲ. ಒಂದು ವರ್ಷ ದೊಡ್ಡ ಬೇನೆ ಬಂತು. ಮನೆಮನೆಯಲ್ಲೂ ಹೆಣ ಬಿತ್ತು. ತಮ್ಮ ಮನೆಯ ಅಳು ಮುಗಿಯುವುದರೊಳಗೆ ಪಕ್ಕದ ಮನೆಯಲ್ಲಿ ಅಳು ಶುರು. ಅಲ್ಲಿ ಹೋಗಿ ಕೂತು ಬರುವಷ್ಟರಲ್ಲಿ ಎದುರು ಮನೆಯಲ್ಲಿ. ಜನಕ್ಕೆ ಸಾಕುಸಾಕಾಗಿ ಹೋಯಿತು. ಕರಿಗುಡ್ಡದ ಮೇಲೆ ಒಬ್ಬ ಮಾಂತ್ರಿಕನಿದ್ದ. ಅವನ ನಿಜವಾದ ಹೆಸರು ಏನೋ, ಜನ ಕರೆಯುತ್ತಿದ್ದದ್ದು ನಿಶ್ಚಿಂತಯ್ಯ ಅಂತ. ರಾಜನೇ ಮುಂದಾಗಿ, ಊರವರನ್ನೆಲ್ಲ ಕಟ್ಟಿಕೊಂಡು ಗುಡ್ಡ ಹತ್ತಿ, ಅವನ ಕಾಲಿಗೆ ಬಿದ್ದ.

"ನಮ್ಮ ಕಷ್ಟ ನಾವು ಹೇಗೋ ತಡ್ಕೋತೀವಿ ಸ್ವಾಮಿ. ಪಕ್ಕದ ಮನೆಯೋರದ್ದು ತಡೆಯೋಕಾಗಲ್ಲ" ಅಂದರು ಜನ.

"ಅಷ್ಟೇ ತಾನೆ?" ಎಂದು ನಿಶ್ಚಿಂತಯ್ಯ ದೀಪದ ಮಸಿ ಬಳಿದ ಒಂದು ದಾರ ತೆಗೆದುಕೊಟ್ಟ. "ಇಂಥ ದಾರ ಹೊಸೆದು ಹೊಸ್ತಿಲ ಮೇಲೆ ಅಡ್ಡ ಕಟ್ಟಿ. ಹೊರಗಿನ ಗೋಳು ಒಳಗೆ ಬರಲ್ಲ."

ಕಟ್ಟಿದರು. ಬರಲಿಲ್ಲ. ಬೀದಿಯಲ್ಲಿ ಯಾರಾದರೂ ಅಳುವುದು ಕಿವಿಗೆ ಬಿದ್ದರೆ, ಬೇಗಬೇಗ ಮನೆಗೆ ಬಂದು ಹೊಸ್ತಿಲು ದಾಟಿಬಿಟ್ಟರೆ ಆಯಿತು. ಮಬ್ಬುಗಿರಿಯಲ್ಲಿ ಎಲ್ಲರಿಗೂ ಒಳ್ಳೆಯ ನಿದ್ದೆ ಬರತೊಡಗಿತು.

ಆದರೆ ಯಾರೂ ಕೇಳದೆ ಅತ್ತವರು ಕಲ್ಲಾಗತೊಡಗಿದರು. ನಿಂತವರು ನಿಂತಲ್ಲೇ, ಕೂತವರು ಕೂತಲ್ಲೇ. ಮೊದಲ ಕಲ್ಲನ್ನು ನೋಡಿ ಊರು ಬೆಚ್ಚಿತು. ಆಮೇಲೆ ರೂಢಿಯಾಯಿತು. ಜನ ಕಲ್ಲಾದವರ ಕೈಗೆ ಕರು ಕಟ್ಟಿದರು, ಮಡಿಲಲ್ಲಿ ಮೆಣಸಿನಕಾಯಿ ಒಣಹಾಕಿದರು, ಬೆನ್ನ ಮೇಲೆ ಕುಡುಗೋಲು ಮಸೆದರು. ಮನುಷ್ಯನಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ ಹೇಳಿ.

ಆ ಊರಿನಲ್ಲಿ ಕರಿದಾರ ಹೊಸೆಯುವವಳು ಹೊನ್ನಿ. ದಿನವಿಡೀ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ನೂಲು ಹೊಸೆದು, ಮಸಿ ಎಣ್ಣೆ ತೀಡಿ ಒಣಗಿಸುತ್ತಿದ್ದಳು. ಅಮಾವಾಸ್ಯೆಗೆ ಮುಂಚೆ ಮನೆಮನೆಗೂ ಹೊಸ ದಾರ ಕೊಡಬೇಕು. ಅವಳಿಗೆ ಇದ್ದವನು ಒಬ್ಬನೇ ತಮ್ಮ, ಜವರ. ಪಕ್ಕದ ಮನೆಯಲ್ಲೇ ಅವನ ಸಂಸಾರ. ಆ ವರ್ಷ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಹೊನ್ನಿ ಒಂದೆರಡು ದಿನ ಹೋಗಿ ಬಂದಳು. ಆಮೇಲೆ ದಾರದ ಕೆಲಸ ಮೈಮೇಲೆ ಬಿತ್ತು.

ಒಂದು ಬೆಳಗ್ಗೆ ಎದ್ದು ನೋಡಿದರೆ ಜವರ ತನ್ನ ಜಗಲಿಯ ಮೇಲೆ ಕಲ್ಲಾಗಿ ಕೂತಿದ್ದ. ಮುಖ ಅಕ್ಕನ ಬಾಗಿಲ ಕಡೆಗಿತ್ತು.

ಹೊನ್ನಿ ಎದೆ ಎದೆ ಬಡಿದುಕೊಂಡು ಅತ್ತಳು. ಅವಳ ಅಳು ಯಾರ ಮನೆಗೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಎದುರು ಮನೆಯ ಸಾಕವ್ವ ಕರುವನ್ನು ಎಳೆದುಕೊಂಡು ಬಂದು, ಜವರನ ಕೈಗೆ ಹಗ್ಗ ಸುತ್ತಿ ಗಂಟು ಹಾಕಿದಳು.

"ಸಾಕವ್ವಾ, ಅವನು ನನ್ನ ತಮ್ಮ!"

"ಇದ್ದ ಕಣೆ. ಈಗ ಒಳ್ಳೆ ಗೂಟ ಆಗವ್ನೆ" ಎಂದು ಸಾಕವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಅವಳೇನೂ ಕೆಟ್ಟ ಹೆಂಗಸಲ್ಲ.

ಹೊನ್ನಿಗೆ ರಕ್ತ ಕುದಿಯಿತು. "ಹಾಳು ದಾರ ನನ್ನ ತಮ್ಮನ ಕೂಗನ್ನ ನನಗೆ ಕೇಳಿಸಗೊಡಲಿಲ್ಲ. ಆ ನಿಶ್ಚಿಂತಯ್ಯನ ಕೊರಳು ಕುಯ್ಯದೆ ಬಿಡಲ್ಲ" ಎಂದು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ, ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು, ಕರಿಗುಡ್ಡದ ದಾರಿ ಹಿಡಿದಳು.

ಹೋಗುತ್ತ ಹೋಗುತ್ತ ಒಂದು ಹಳ್ಳ ಬಂತು. ಹಳ್ಳಕ್ಕೆ ಅಡ್ಡ ಒಂದು ಮರದ ದಿಮ್ಮಿ. ದಿಮ್ಮಿಯ ಮೇಲೆ ಒಂದು ಮಾಯದ ಕರಡಿ ಕೂತು ಬಿಕ್ಕುತ್ತಿತ್ತು. ಅದರ ಮರಿ ಹಳ್ಳದಲ್ಲಿ ಕೊಚ್ಚಿಹೋಗಿತ್ತು.

"ಹೋಗ್ಲಿ ಬಿಡವ್ವ, ದಾರಿ ಬಿಡು" ಅಂದಳು ಹೊನ್ನಿ. ಕರಡಿ ಎಮ್ಮೆಯಷ್ಟು ದೊಡ್ಡದಾಯಿತು.

"ಏನ್ಮಾಡೋದು, ಎಲ್ಲಾ ಹಣೇಲಿ ಬರೆದಿದ್ದು." ಕರಡಿ ಆನೆಯಷ್ಟಾಯಿತು.

"ಅಳಬೇಡ, ಇನ್ನೊಂದು ಮರಿ ಆಗುತ್ತೆ." ಕರಡಿ ಗುಡ್ಡದಷ್ಟಾಗಿ ಎದ್ದು ನಿಂತು ಬಾಯಿ ತೆರೆಯಿತು. ಅದರ ಉಸಿರಿಗೆ ಹೊನ್ನಿಯ ಸೆರಗು ಹಾರಿತು.

ಸಾವಿನ ಮನೆಯಲ್ಲಿ ನಾವೂ ನೀವೂ ಹೇಳುವುದು ಇದನ್ನೇ. ಬೇಗ ಎದ್ದು ಬರುವುದಕ್ಕೆ ಹೇಳುತ್ತೇವೆ. ಹೊನ್ನಿಗೆ ಹೇಳಲು ಬೇರೆ ಮಾತು ಗೊತ್ತಿರಲಿಲ್ಲ. ಅಲ್ಲೇ ಕುಸಿದು ಕೂತಳು. ಕೂತು, ಮೆಲ್ಲಗೆ ಕೇಳಿದಳು, "ನಿನ್ನ ಮರಿ ಹೇಗಿತ್ತು?"

ಕರಡಿ ಬಾಯಿ ಮುಚ್ಚಿತು. "ಒಂದು ಕಿವಿ ಮಡಚಿತ್ತು" ಅಂದಿತು. "ಜೇನು ಕಂಡ್ರೆ ಹಿಂಗಾಲ ಮೇಲೆ ನಿಲ್ಲೋಕೆ ಹೋಗಿ ದಬ್ಬನೆ ಬೀಳ್ತಿತ್ತು. ಬಿದ್ದು ನನ್ನ ಕಡೆ ನೋಡೋದು, ನಾನೇ ಬೀಳಿಸಿದ ಹಾಗೆ."

ಬಿಸಿಲು ಇಳಿಯುವತನಕ ಕರಡಿ ಹೇಳಿತು, ಹೊನ್ನಿ ಕೇಳಿದಳು. ಹೇಳುತ್ತ ಹೇಳುತ್ತ ಅದು ಆನೆಯಷ್ಟಾಯಿತು, ಎಮ್ಮೆಯಷ್ಟಾಯಿತು, ಕೊನೆಗೆ ಕರಡಿಯಷ್ಟೇ ಆಯಿತು. ದಿಮ್ಮಿ ಬಿಟ್ಟು ಪಕ್ಕಕ್ಕೆ ಸರಿಯಿತು.

ಮುಂದೆ ಹೋಗುತ್ತ ಹೋಗುತ್ತ ಗುಡ್ಡದ ಹೆಬ್ಬಾಗಿಲು ಬಂತು. ಬಾಗಿಲಿಗೆ ಒಂದು ಮಹಾಸರ್ಪ ಸುತ್ತಿಕೊಂಡಿತ್ತು. ಹಾವಿನ ಮೈ, ಮನುಷ್ಯನ ಮುಖ. ಆ ಮುಖ ನೋಡಿ ಹೊನ್ನಿಯ ಹಲ್ಲು ಕಟಕಟ ಅಂದವು. ಅವನು ರುದ್ರೋಜಿ, ಹಿಂದೆ ಅರಮನೆಯಲ್ಲಿ ಚಾವಟಿ ಹಿಡಿದಿದ್ದವನು. ಕಣದಲ್ಲಿ ಹೊನ್ನಿಯ ಅಪ್ಪನಿಗೆ ಹೊಡೆದವನು ಅವನೇ. ಆ ಪೆಟ್ಟಿನ ಮೇಲೆ ಅಪ್ಪ ಸೊಂಟ ನೆಟ್ಟಗೆ ಮಾಡಲೇ ಇಲ್ಲ. ನಿಶ್ಚಿಂತಯ್ಯ ಅವನನ್ನು ಹಾವು ಮಾಡಿ, ಬಿಸಿಲಿನಲ್ಲಿ ಕಾವಲಿಗೆ ಹಾಕಿದ್ದ.

"ನೀರು" ಅಂದಿತು ಹಾವು.

"ನಮ್ಮಪ್ಪನೂ ಕೇಳಿದ್ದ. ಕೊಟ್ಯಾ?"

"ಇಲ್ಲ."

ಹೊನ್ನಿ ಕುಡುಗೋಲು ಎತ್ತಿದಳು. ಹಾವು ತಲೆ ತಗ್ಗಿಸಿ ಕೊಟ್ಟಿತು. ಅದರ ತುಟಿ ಒಡೆದು ಒಣಗಿತ್ತು. ಅಪ್ಪನ ತುಟಿಯೂ ಹಾಗೇ ಒಡೆದಿತ್ತು ಆವತ್ತು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಅವಳಿಗೆ ಅಪ್ಪನ ನೆನಪಾಗಿ ಅಳು ಬಂತು, ಇವನ ಮುಂದೆ ಅಳಬೇಕಾಯಿತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. ಬುರುಡೆಯ ಮುಚ್ಚಳ ತೆಗೆದು ಹಾವಿನ ಬಾಯಿಗೆ ನೀರು ಹುಯ್ದಳು.

"ನನ್ನ ಕ್ಷಮಿಸಿಬಿಟ್ಯಾ ತಾಯಿ?"

"ಇಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗೋ ಹಾಗೂ ಕಾಣಲ್ಲ. ಬಾಯಾರಿಕೆ ಬೇರೆ. ಕುಡ್ಕೊಂಡು ದಾರಿ ಬಿಡು."

ಹಾವು ಸುತ್ತು ಬಿಚ್ಚಿತು. ಹೆಬ್ಬಾಗಿಲು ತೆರೆಯಿತು.

ಒಳಗೆ ದೊಡ್ಡ ಚಾವಡಿ. ಚಾವಣಿಯಿಂದ ನೆಲದವರೆಗೆ ಕರಿದಾರಗಳು ಇಳಿಬಿದ್ದಿದ್ದವು, ಮಗ್ಗಕ್ಕೆ ಹಾಸು ಹೂಡಿದ ಹಾಗೆ. ಪ್ರತಿಯೊಂದು ದಾರವೂ ಸಣ್ಣಗೆ ನಡುಗುತ್ತಿತ್ತು. ನಡುವೆ ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ ನಿಶ್ಚಿಂತಯ್ಯ. ಕೋರೆಹಲ್ಲಿಲ್ಲ, ಕೆಂಗಣ್ಣಿಲ್ಲ. ನುಣ್ಣಗೆ, ದುಂಡಗೆ, ಚೆನ್ನಾಗಿ ಉಂಡು ಬೆಳೆದ ಮುದುಕ.

ಹೊನ್ನಿ ನುಗ್ಗಿ ಕುಡುಗೋಲು ಬೀಸಿದಳು. ಅದು ಹೊಗೆಯೊಳಗೆ ಹಾದಂತೆ ಅವನ ಕೊರಳೊಳಗೆ ಹಾದುಹೋಯಿತು.

"ನನ್ನ ಜೀವ ಇಲ್ಲಿಲ್ಲ ಕಣವ್ವ" ಅಂದ ಅವನು. "ನಿಮ್ಮ ನಿಮ್ಮ ಹೊಸ್ತಿಲಲ್ಲಿದೆ. ನಾನೇನು ನಿಮ್ಮ ಬಾಗಿಲಿಗೆ ಬಂದಿದ್ನಾ? ನೀವೇ ಬಂದ್ರಿ. ಈ ದಾರ ಗೋಳನ್ನ ಕೊಲ್ಲಲ್ಲ, ಅಲ್ಲಿಂದ ಇಲ್ಲಿಗೆ ತರುತ್ತೆ. ಅದೇ ನನಗೆ ಅನ್ನ."

"ನನ್ನ ತಮ್ಮನ್ನ ಕೊಡು."

"ಅವನ ಕೂಗು ಇಲ್ಲಿದೆ, ಬೇಕಾದ್ರೆ ಕೇಳು. ಆದ್ರೆ ಕೇಳಿದವರು ಯಾರೂ ನೆಮ್ಮದಿಯಾಗಿಲ್ಲ." ಎಂದು ಮಡಿಲಿನಿಂದ ಒಂದು ನವಿರಾದ ದಾರ ತೆಗೆದ. "ಇದು ಎದೆಗೆ ಕಟ್ಟಿಕೊಳ್ಳೋದು. ಕಟ್ಟಿಕೊಂಡ್ರೆ ತಮ್ಮ ಒಬ್ಬ ಇದ್ದ ಅನ್ನೋದೇ ಮರೆತುಹೋಗುತ್ತೆ. ಯಾವುದು ಬೇಕು?"

ಹೊನ್ನಿ ಅವನ ಕೈಯನ್ನು ಆಚೆ ತಳ್ಳಿ, ಜವರನ ಕೂಗು ಸಿಕ್ಕಿದ್ದ ದಾರ ಹುಡುಕಿ ಕಿವಿಗೆ ಇಟ್ಟುಕೊಂಡಳು.

"ಅಕ್ಕಾ..." ಅಂದಿತು ದಾರ. "ಒಂದು ಗಳಿಗೆ ಬಂದು ಕೂತ್ಕೋತೀಯಾ? ಮನೆ ತುಂಬಾ ಸುಮ್ನೆ ಇದೆ."

ಸ್ವಲ್ಪ ಬಿಟ್ಟು ಮತ್ತೆ, "ಅಕ್ಕಾ..."

ಆಮೇಲೆ ಇನ್ನೊಂದು ಸದ್ದು ಬಂತು. ಟಿಣ್ ಅಂತ. ದಾರವೊಂದನ್ನು ಬಿಗಿಯಾಗಿ ಎಳೆದು ಕಟ್ಟಿದ ಸದ್ದು. ಅದನ್ನು ಗುರುತಿಸಲು ಹೊನ್ನಿಗೆ ಕ್ಷಣವೂ ಬೇಕಾಗಲಿಲ್ಲ. ಅದು ಅವಳದೇ ಕೈಯ ಸದ್ದು.

ಆಗ ಅವಳಿಗೆ ಎಲ್ಲ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು, ಮರೆತೇ ಇರಲಿಲ್ಲ. ಊರಿಗೆಲ್ಲ ದಾರ ಹೊಸೆಯುವ ಗಡಿಬಿಡಿಯಲ್ಲಿ ಅವಳು ತನ್ನ ಹೊಸ್ತಿಲ ಕಡೆ ನೋಡಿರಲಿಲ್ಲ. ಅಲ್ಲಿನ ದಾರವನ್ನು ಇಲಿ ಕಡಿದುಹಾಕಿತ್ತು. ಆ ಸಂಜೆ ತಮ್ಮನ ಕೂಗು ಒಳಗೆ ಬಂದಿತ್ತು, ಎದುರು ನಿಂತು ಕರೆದಷ್ಟು ಸ್ಪಷ್ಟವಾಗಿ. ಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದೇ ನಿಂತಿದ್ದಳು. ಹೋದರೆ ಬೇಗ ಎದ್ದು ಬರುವ ಹಾಗಿಲ್ಲ, ಸತ್ತ ಹೆಂಡತಿಯ ಅದೇ ಕತೆ ಮತ್ತೆ ಹೇಳುತ್ತಾನೆ, ನಾಳೆ ಹೋದರಾಯಿತು ಅಂದುಕೊಂಡಿದ್ದಳು. ರಾಶಿಯಿಂದ ಹೊಸ ದಾರ ತೆಗೆದು, ಹೊಸ್ತಿಲಿಗೆ ಬಿಗಿದಿದ್ದಳು. ಬಿಗಿದು, ಕೇಳಿಸಲೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಹೊನ್ನಿಗೆ ತನ್ನ ಕೈ ಕಂಡರೆ ಅಸಹ್ಯವಾಯಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಈಗ ಬೇಕಾ?" ಎಂದು ನಿಶ್ಚಿಂತಯ್ಯ ಎದೆಯ ದಾರವನ್ನು ಮತ್ತೆ ಮುಂದೆ ಹಿಡಿದ. "ಇಲ್ಲೀತನಕ ಬಂದವರೆಲ್ಲ ಕೊನೆಗೆ ಇದನ್ನೇ ಕೇಳಿ ಪಡೆದರು."

ಅವಳ ಕೈ ಮುಂದೆ ಹೋಯಿತು. ನಿಜವಾಗಿಯೂ ಹೋಯಿತು, ಆಸೆಯಾಯಿತು ಅವಳಿಗೆ. ಆಮೇಲೆ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ. ಈ ನೆನಪು ನನ್ನ ಜೊತೇಲೇ ಇರಲಿ" ಅಂದಳು, ಮತ್ತು ಗುಡ್ಡ ಇಳಿದಳು.

ಊರು ಸೇರಿದಾಗ ಬೆಳಗಾಗಿತ್ತು. ಅಮಾವಾಸ್ಯೆ ಹತ್ತಿರ ಬಂದಿದ್ದರಿಂದ ಅವಳ ಮನೆಯ ಮುಂದೆ ಜನ ಸೇರಿದ್ದರು. "ದಾರ ಎಲ್ಲಿ ಹೊನ್ನಿ?" "ಹಳೇದು ಸವೆದೈತೆ ಕಣೆ, ನಮ್ಮನೇಲಿ ಆಗಲೇ ಸಣ್ಣಗೆ ಏನೇನೋ ಕೇಳಿಸ್ತೈತೆ!" ಎಂದು ಬೈಯುತ್ತಿದ್ದರು. ಹೊನ್ನಿ ಅವರನ್ನು ಸರಿಸಿ ದಾರಿ ಮಾಡಿಕೊಂಡಳು. ಮನೆಯೊಳಗೆ ಹೋಗಿ ತನ್ನ ಹೊಸ್ತಿಲ ದಾರವನ್ನು ಕುಡುಗೋಲಿನಿಂದ ಕೊಯ್ದಳು. ಕೇರಿಯ ಗೋಳೆಲ್ಲ ಒಂದೇ ಸಲ ಒಳಗೆ ನುಗ್ಗಿತು. ಬಾಗಿಲು ಹಿಡಿದು ನಿಂತು ಸುಧಾರಿಸಿಕೊಂಡಳು. ಮೆಲ್ಲಗೆ ಹೊರಗೆ ಬಂದು, ಜವರನ ಕೈಗೆ ಕಟ್ಟಿದ್ದ ಕರುವನ್ನು ಬಿಚ್ಚಿ, ಅವನ ಪಕ್ಕದಲ್ಲಿ ಕೂತಳು.

"ಜವರಾ" ಅಂದಳು. ಪಿಸುಮಾತಿನಲ್ಲಿ ಹೇಳಿಬಿಡೋಣ ಅನ್ನಿಸಿತು. ಜನ ನೋಡುತ್ತಿದ್ದರು. ಆದರೂ ಎಲ್ಲರಿಗೂ ಕೇಳಿಸುವಂತೆಯೇ ಹೇಳಿದಳು. "ನೀನು ಕರೆದದ್ದು ನನಗೆ ಕೇಳಿಸಿತ್ತು ಕಣಪ್ಪ. ದಾರ ಕಡಿದುಹೋಗಿತ್ತು. ಕೇಳಿಸ್ತು ಅಂತಲೇ ಹೊಸದು ಕಟ್ಟಿದೆ. ತಪ್ಪನ್ನ ಮಾಂತ್ರಿಕನ ಮೇಲೆ ಹಾಕಿದೆ, ದಾರದ ಮೇಲೆ ಹಾಕಿದೆ. ಕಟ್ಟಿದ್ದು ಈ ಕೈ."

ಕಲ್ಲಿನ ಕಣ್ಣು ಒದ್ದೆಯಾಯಿತು. ಆಮೇಲೆ ರೆಪ್ಪೆ ಅಲುಗಿತು. ತುಟಿ ಬಿರಿದು ಪುಡಿ ಉದುರಿತು.

"ಗೊತ್ತು" ಅಂದ ಜವರ. "ನೀನು ದಾರ ಬಿಗಿದ ಸದ್ದು ನನಗೂ ಕೇಳಿಸ್ತು. ಅಲ್ಲೀತನಕ ನಾನು ಕಲ್ಲಾಗಿರಲಿಲ್ಲ ಅಕ್ಕ."

ಕಲ್ಲಾದವರಿಗೆ ಏನೂ ಗೊತ್ತಿಲ್ಲ ಎಂದೇ ಕೇರಿಯವರೆಲ್ಲ ನಂಬಿಕೊಂಡಿದ್ದರು. ಹಾಗಾದರೆ ಕಲ್ಲಾಗುವ ಮೊದಲು ಅವರಿಗೆ ಎಲ್ಲ ಕೇಳಿಸಿತ್ತು! ತಮ್ಮ ಮನೆಯ ಬಾಗಿಲು ಹಾಕಿದ್ದು, ಗಂಟು ಬಿಗಿದದ್ದು, ಒಳಗೆ ಕೂತು ನಕ್ಕದ್ದು, ಎಲ್ಲ. ಸಾಕವ್ವ ಮೊದಲು ಕದಲಿದಳು. ಅವಳ ಅಂಗಳದಲ್ಲಿ ಸೊಸೆ ಕಲ್ಲಾಗಿ ನಿಂತಿದ್ದಳು, ಅವಳ ಬೆನ್ನ ಮೇಲೆ ಸಾಕವ್ವ ಕುಡುಗೋಲು ಮಸೆಯುತ್ತಿದ್ದಳು. ಮುದುಕಿ ಹೋಗಿ ಆ ಬೆನ್ನಿನ ಗೀರುಗಳ ಮೇಲೆ ಕೈಯಾಡಿಸುತ್ತ, "ನಂಗೂ ಕೇಳಿಸಿತ್ತವ್ವ" ಎಂದು ನೆಲಕ್ಕೆ ಕೂತಳು. ಆಮೇಲೆ ಇನ್ನೊಬ್ಬರು ಹೋದರು. ಕೆಲವರು ಮನೆಗೆ ಓಡಿಹೋಗಿ ಕದ ಹಾಕಿಕೊಂಡರು, ಅವರು ಬರಲು ಬಹಳ ದಿನ ಹಿಡಿಯಿತು. ಎಲ್ಲರಿಗಿಂತ ಕೊನೆಗೆ ಬಿಚ್ಚಿದ್ದು ಅರಮನೆಯ ದಾರ.

ಅತ್ತ ಕರಿಗುಡ್ಡದ ಮೇಲೆ ದಾರಗಳು ಒಂದೊಂದೇ ಕಳಚಿ ಬಿದ್ದವು. ತಿನ್ನಲು ಗೋಳು ಬರದೆ ನಿಶ್ಚಿಂತಯ್ಯ ಒಣಗಿದ, ಬತ್ತಿದ, ಕೊನೆಗೆ ಒಂದು ಹಿಡಿ ಮಸಿಯಾಗಿ ಗಾಳಿಗೆ ಹೋದ. ಹಾವಿನ ಮೈ ಕಳಚಿ ರುದ್ರೋಜಿ ಮನುಷ್ಯನಾಗಿ ಊರಿಗೆ ಬಂದು, ತಾನು ಹೊಡೆದವರ ಬಾಗಿಲುಗಳ ಮುಂದೆ ನಿಂತ. ಕೆಲವರು ತೆರೆದರು, ಕೆಲವರು ತೆರೆಯಲಿಲ್ಲ.

ಅಲ್ಲಿಂದ ಮುಂದೆ ಮಬ್ಬುಗಿರಿಯ ಜನ ಸುಖವಾಗಿದ್ದರು ಎಂದು ಕತೆ ಹೇಳುವವರು ಹೇಳಬೇಕು. ಇದ್ದರು, ಸುಳ್ಳಲ್ಲ. ನಿದ್ದೆ ಮಾತ್ರ ಮೊದಲಿನಷ್ಟು ಬರುತ್ತಿರಲಿಲ್ಲ. ಕೆಲವು ಕಲ್ಲುಗಳು ಏಳಲೇ ಇಲ್ಲ, ಅವರ ಕೂಗು ಕೇಳಿಸಿಕೊಂಡಿದ್ದವರು ಆಗಲೇ ಸತ್ತುಹೋಗಿದ್ದರು. ಕೇರಿಯವರು ಸರದಿಯ ಮೇಲೆ ಹೋಗಿ ಅವುಗಳ ಹತ್ತಿರ ಕೂತು ಬರುತ್ತಿದ್ದರು.

ಜವರ ಎದ್ದನೇನೋ ನಿಜ, ಅಕ್ಕನ ಜೊತೆ ಮಾತಾಡಲಿಲ್ಲ. ಹೊನ್ನಿ ದಿನಾ ಸಂಜೆ ಹೋಗಿ ಅವನ ಜಗಲಿಯ ತುದಿಯಲ್ಲಿ ಕೂರುತ್ತಿದ್ದಳು. ಅವನು ಎದ್ದು ಒಳಗೆ ಹೋದರೂ ಕೂತಿರುತ್ತಿದ್ದಳು. ಮಳೆಗಾಲ ಹೋಯಿತು, ಚಳಿ ಬಂತು. ಒಂದು ಸಂಜೆ ಅವನು ಒಳಗೆ ಹೋಗಲಿಲ್ಲ. ಕೆಮ್ಮಿ, ಬೀದಿಯ ಕಡೆ ನೋಡುತ್ತ, ಹೆಂಡತಿಯ ಮಾತು ತೆಗೆದ. ಮದುವೆಯಾದ ಹೊಸದರಲ್ಲಿ ಅವಳು ಸಾರಿಗೆ ಉಪ್ಪಿನ ಬದಲು ಬಟ್ಟೆ ಒಗೆಯುವ ಸವಳು ಹಾಕಿದ್ದು, ಅವನು ಸುಮ್ಮನೆ ಉಂಡು ಎದ್ದದ್ದು.

ಹೊನ್ನಿಗೆ ಆ ಕತೆ ಬಾಯಿಪಾಠವಾಗಿತ್ತು.

"ಆಮೇಲೆ?" ಅಂದಳು.