ಪರದೆ ಕೇಳದ ಪ್ರಶ್ನೆ

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ದೋಣಿಯವನ ಹೆಣ ಸೇತುವೆಯ ಮೂರನೇ ಕಂಬದ ಬಳಿ ಸಿಕ್ಕಿತು. ನದಿ ಏರಲಿದೆ ಎಂಬ ಎಚ್ಚರಿಕೆ ಹಿಂದಿನ ಮಧ್ಯಾಹ್ನವೇ ಹೊರಡಬೇಕಿತ್ತು. ಹೊರಟಿರಲಿಲ್ಲ.

ಪ್ರವಾಹ ಮುನ್ಸೂಚನಾ ಕಚೇರಿಯಲ್ಲಿ ನೀರಿನ ಮಟ್ಟ ಲೆಕ್ಕ ಹಾಕುತ್ತಿದ್ದುದು ನಾಲ್ಕಾರು ತಜ್ಞರು ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ. ತಯಾರಕರ ಐದು ವರ್ಷದ ಬೆಂಬಲವಿರುವ, ದೀರ್ಘಾವಧಿ ಆವೃತ್ತಿ ಎನಿಸಿಕೊಂಡ ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ಮಾತ್ರ ಅದು ಓಡುತ್ತಿತ್ತು. ಹಿಂದಿನ ದಿನ ಯಾರೋ ಆ ಸಿಸ್ಟಂ ಜಾಗದಲ್ಲಿ, ಬಿಡುಗಡೆಯಾಗಿ ಮೂರೇ ವಾರವಾದ ಹೊಸ ದೀರ್ಘಾವಧಿ ಆವೃತ್ತಿ ಹಾಕಿದ್ದರು. ತಂತ್ರಾಂಶ ನಿಂತಿತು. ಗೋಡೆಯ ಫಲಕ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತ ಕೂತಿತ್ತು.

ತಪ್ಪು ಕಂಪ್ಯೂಟರ್ ನಿರ್ವಾಹಕಿಯದೆಂದು ನಿರ್ದೇಶಕರು ಸಾರಿಬಿಟ್ಟರು. ನದಿಯ ಮಟ್ಟ ಅಳೆದು ತರುವ ಅಳತೆಗಾರ ಕಡತಗಳ ಕೋಣೆಗೆ ಓಡಿದ. ಕಚೇರಿಯಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದ ಕಡತದಕ್ಕ ಅಲ್ಲಿದ್ದರು.

"ಅಕ್ಕಾ, ನಾಲ್ಕು ಗಂಟೆಗೆ ನಮ್ಮ ಕಂಪ್ಯೂಟರ್ ತಂಗೀನ ಪೊಲೀಸ್ರಿಗೆ ಒಪ್ಪಿಸ್ತಾರಂತೆ! ಎರಡು ಮಕ್ಕಳ ತಾಯಿ."

"ನಿನ್ನನ್ನಲ್ವಲ್ಲ, ಯಾಕೆ ಏದುಸಿರು? ನಡಿ."

ನಿರ್ವಾಹಕಿ ಮೂಲೆಯ ಸ್ಟೂಲಿನಲ್ಲಿ ಕುಗ್ಗಿ ಕುಳಿತಿದ್ದಳು. "ನಾನೇನೂ ಮುಟ್ಟಿಲ್ಲ ಅಕ್ಕಾ. ಅಡ್ಮಿನ್ ಪಾಸ್‌ವರ್ಡೇ ನನ್ನ ಹತ್ರ ಇಲ್ಲ. ಅದು ಸಾಹೇಬರಿಗೆ ಗೊತ್ತು, ಬರೆದಿಟ್ಟ ಒಂದು ಪ್ರತಿ ನಿಮ್ಮ ಹತ್ರ ಅರಗು ಹಾಕಿದ ಲಕೋಟೇಲಿದೆ."

ಲಕೋಟೆಯ ಅರಗು ಒಡೆದಿರಲಿಲ್ಲ. ಕಂಪ್ಯೂಟರಿನ ಡಿಸ್ಕನ್ನು ಮಾತ್ರ ನಿರ್ದೇಶಕರು ಬೆಳಿಗ್ಗೆಯೇ ದುರಸ್ತಿಯೆಂದು ಪೂರ್ತಿ ಅಳಿಸಿದ್ದರು. ಗೋಡೆಗೆ ಅಂಟಿಸಿದ್ದ ತಂತ್ರಾಂಶದವರ ಸೂಚನೆ ಮಾಸಿಹೋಗಿತ್ತು. ಕಡತದಕ್ಕ ಅಳತೆಗಾರನಿಂದ ಅದನ್ನು ಎರಡು ಸಲ ಓದಿಸಿದರು: "ಹೊಸ ದೀರ್ಘಾವಧಿ ಆವೃತ್ತಿಗೆ, ಬಿಡುಗಡೆಯಾಗಿ ಸುಮಾರು ಮೂರು ತಿಂಗಳಿಗೆ, ಮೊದಲ ತಿದ್ದುಪಡಿ ಬರುವವರೆಗೆ ಹಳೆಯದರಲ್ಲೇ ಇರಿ. ಅಲ್ಲಿಯವರೆಗೆ ಹೊಸದು ಹಾಕಲೇ ಎಂದು ಹಳೆಯದು ತಾನಾಗಿ ನಿಮ್ಮನ್ನು ಕೇಳುವುದೂ ಇಲ್ಲ." ಪಕ್ಕದಲ್ಲೇ ಮಾರನೆಯ ದಿನ ಬರಲಿದ್ದ ತಪಾಸಣಾ ತಂಡದ ಸುತ್ತೋಲೆ: ಎಲ್ಲ ಯಂತ್ರಗಳಲ್ಲೂ ಹೊಸ ಆವೃತ್ತಿ ಇದೆಯೇ?

ಮೂರೂವರೆಗೆ ಎಲ್ಲರೂ ಸೇರಿದರು.

"ಹೊಸ ಆವೃತ್ತಿ ಹಾಕಲೇ ಅಂತ ಪರದೇಲಿ ಬಂತು," ನಿರ್ದೇಶಕರು ಹೇಳಿದರು. "ಬೇಡಮ್ಮ ಅಂದೆ. ಊಟ ಮುಗಿಸಿ ಬರೋಷ್ಟರಲ್ಲಿ ಒತ್ತಿಬಿಟ್ಟಿದ್ಲು."

"ಪರದೇಲಿ ಆ ಪ್ರಶ್ನೆ ಕಣ್ಣಾರೆ ನೋಡಿದ್ರಾ ಸಾರ್?" ಕಡತದಕ್ಕ ಕೇಳಿದರು.

"ಕಣ್ಣಾರೆ."

"ಮೊದಲ ತಿದ್ದುಪಡಿ ಬರೋಕೆ ಇನ್ನೂ ಎರಡು ತಿಂಗಳಿದೆ," ಎಂದರು ಕಡತದಕ್ಕ. "ಅಲ್ಲೀವರೆಗೆ ಹಳೇ ಆವೃತ್ತಿ ಯಾರನ್ನೂ ಕೇಳಲ್ಲ. ಕೇಳದ ಪ್ರಶ್ನೆ ನಿಮಗೊಬ್ಬರಿಗೇ ಕಾಣಿಸ್ತಲ್ಲ! ಈಗಲೇ ಹೊಸದು ಬೇಕಂದ್ರೆ ಕೈಯಾರೆ ಆದೇಶ ಕೊಟ್ಟು ಹಾಕ್ಬೇಕು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ನನ್ನ ಲಕೋಟೆ ಇಲ್ಲಿದೆ, ಅರಗು ನೋಡಿ. ಉಳಿದೋರು ನೀವೊಬ್ರೇ. ನಾಳೆ ತಂಡದ ಮುಂದೆ ಎಲ್ಲ ಹೊಸದು ಅಂತ ತೋರಿಸ್ಬೇಕಿತ್ತು. ತಂತ್ರಾಂಶ ನಿಂತಿದ್ದು ಗೊತ್ತಾದ ಮೇಲೆ, ಹಾಕಿದ್ದು ಯಾರು ಅನ್ನೋ ದಾಖಲೆ ಉಳೀಬಾರ್ದು ಅಂತ ಡಿಸ್ಕ್ ಅಳಿಸಿದ್ರಿ."

ನಿರ್ದೇಶಕರು ಮೇಜನ್ನೇ ನೋಡುತ್ತಿದ್ದರು.

"ನಿಂತಿದೆ ಅಂತ ನಿನ್ನೆ ಸಂಜೇನೇ ಗೊತ್ತಾಯ್ತು," ಅಂದರು. "ಬೆಳಿಗ್ಗೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ. ನದಿ ಅಷ್ಟು ಬೇಗ ಏರುತ್ತೆ ಅಂತ..."

"ಒಂದು ಫೋನ್ ಮಾಡಿದ್ರೆ ನಾನೇ ಓಡಿ ಹೋಗಿ ದೋಣಿ ಕಟ್ಟಿಸ್ತಿದ್ನಲ್ಲ ಸಾರ್," ಎಂದ ಅಳತೆಗಾರ.

ನಾಲ್ಕಕ್ಕೆ ಬಂದ ಪೊಲೀಸರು ನಿರ್ದೇಶಕರನ್ನು ಕರೆದೊಯ್ದರು. ನಿರ್ವಾಹಕಿ ಕಣ್ಣೊರೆಸಿಕೊಂಡು ಖಾಲಿ ಡಿಸ್ಕಿಗೆ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿದಳು. ಆರು ಹತ್ತಕ್ಕೆ ತಂತ್ರಾಂಶ ಮೊದಲ ಅಂಕಿ ಕೊಟ್ಟಿತು. ಆ ಹೊತ್ತಿಗೆ ನದಿ ಇಳಿಯುತ್ತಿತ್ತು.