ನಾಲ್ಕು ಬೆರಳಿನ ಇಟ್ಟಿಗೆ

ಬೆಳಗಾಗುತ್ತಲೇ ಪ್ರಾರ್ಥನಾಮನೆಯ ಬಾಗಿಲು ತೆಗೆದ ಓಝೆಲ್ಲಾ ಅತ್ತೆ ಕಿರುಚಿಕೊಂಡಳು. ಬೆಂಕಿಗೂಡಿನ ಮೇಲೆ ಚೌಕಾಕಾರದ ತೂತು. ಇಟ್ಟಿಗೆ ಮಾಯ!

ಅದೇನು ಅಂತಿಂಥ ಇಟ್ಟಿಗೆಯೇ? ಗುಲಾಮಗಿರಿ ಮುಗಿದ ವರ್ಷ ಓಣಿಯ ಜನ ತಮ್ಮದೇ ಕೈಯಾರೆ ಕಟ್ಟಿದ ಮನೆ ಇದು. ಹಸಿ ಮಣ್ಣಿನಲ್ಲಿ ಯಾವುದೋ ಮಗು ಒತ್ತಿದ ನಾಲ್ಕು ಬೆರಳ ಗುರುತು, ಕೆಳಗೆ ಗೀಚಿದ ಇಸವಿ — ಓಣಿಯ ವಯಸ್ಸಿಗೆ ಸಾಕ್ಷಿ ಅದೊಂದೇ. ಹತ್ತು ಗಂಟೆಗೆ ಕೌಂಟಿ ಆಡಳಿತದ ಸಮಿತಿ ಬರುವುದಿತ್ತು. ಪಾರಂಪರಿಕ ಬೀದಿಗಳ ಪಟ್ಟಿಗೆ ಸೇರಿದರೆ ಓಣಿ ಉಳಿಯಿತು. ಇಲ್ಲವಾದರೆ ಹೊಸ ಹೆದ್ದಾರಿ ಇದರ ಮೇಲೆಯೇ!

ಓಡಿ ಬಂದ ಪೊಲೀಸ್ ಡೆಪ್ಯುಟಿ ರೆನೆಟ್ಟಾ ಗೇಟಿನಲ್ಲೇ ನಿಂತುಬಿಟ್ಟಳು. ನದಿಯ ಮಂಜು ಓಕ್ ಮರಗಳ ನಡುವೆ ತೂಕಡಿಸುತ್ತಿತ್ತು. ಜಗಲಿಯ ನೀಲಿ ಸೂರು ಮಾತ್ರ ಮೇಲೆಲ್ಲೋ ತೇಲುತ್ತಿತ್ತು. ಹುಲ್ಲಿನೆಸಳೂ ಇಲ್ಲದ ಮರಳಂಗಳದ ತುಂಬ ಬೀಸಣಿಗೆಯಂತೆ ಬಿಚ್ಚಿಕೊಂಡ ಪೊರಕೆಯ ಗೆರೆಗಳು. ಚಿಕ್ಕಂದಿನಲ್ಲಿ ಅಜ್ಜಿಯ ಅಂಗಳ ಹೀಗೇ ಇರುತ್ತಿತ್ತು. ಮಂಜಿನೊಳಗಿಂದ ಅಜ್ಜಿಯೇ ಪೊರಕೆ ಹಿಡಿದು ಬಂದಾಳೇನೋ ಅನ್ನಿಸಿತು ಅವಳಿಗೆ. ಹೆಜ್ಜೆಗಳು ಒಂದೇ ಸಾಲು — ಅತ್ತೆಯವು.

"ಕಡೇ ಸಲ ಗುಡಿಸಿದ್ದು ಯಾವಾಗ ಅತ್ತೆ?"

"ನಿನ್ನೆ ಸಂಜೆ. ಭುಜ ಮುರ್ಕೊಂಡ ಮೇಲೆ ಕೈ ಎಲ್ಲಿ ಬೀಸತ್ತೆ? ಕೋಳಿ ಕೆರೆದಂಗೆ ಕೆರೀತೀನಿ. ಈಗ ಅಂಗಳದ ಮಾತು ಯಾಕೆ? ಕಳ್ಳನ್ನ ಹಿಡಿಯೇ ತಾಯಿ!"

ಅಷ್ಟರಲ್ಲಿ ರಸ್ತೆ ಗುತ್ತಿಗೆದಾರ ಪ್ರೂಯಿಟ್ ಕೆಸರು ಬೂಟಿನಲ್ಲಿ ಅಂಗಳದ ನಟ್ಟನಡುವೆ ತುಳಿದುಕೊಂಡು ಬಂದ.

"ಇಟ್ಟಿಗೆ ಹೋಯ್ತಂತೆ? ಹಾಗಾದ್ರೆ ಸಮಿತಿಯವ್ರು ಬರೋದೇ ದಂಡ!"

"ಇವ್ನೇ! ಇವ್ನದ್ದೇ ಕೆಲ್ಸ!" ಅತ್ತೆ ಹಾರಿಬಿದ್ದಳು.

"ಬಾಯಿಗೆ ಬಂದಂಗೆ ಮಾತಾಡ್ಬೇಡ. ನಾನ್ಯಾಕೆ ಕದೀಲಿ?"

"ಯಾಕಾ? ನಿನ್ ರಸ್ತೆಗೆ!"

ಅವರ ಜಗಳದ ನಡುವೆ ಅತ್ತೆಯ ತಮ್ಮ, ರೆನೆಟ್ಟಾಳ ಅಪ್ಪ ಲೆಮ್ಯುಯೆಲ್, ಭಾರಕ್ಕೆ ಜೋತುಬಿದ್ದ ತಿಂಡಿ ಬುಟ್ಟಿ ಹಿಡಿದು ಬಂದ. ಬೇಲಿಯ ಅಂಚಿಗೇ ಒತ್ತಿ, ಒಂದು ಗೆರೆಯನ್ನೂ ತುಳಿಯದೆ ಬಂದ. ರೆನೆಟ್ಟಾ ಒಳಹೋಗಿ ತೂತಿಗೆ ಕೈಹಾಕಿದಳು. ಹಳೆಯ ಗಾರೆಯನ್ನು ಮೆಲ್ಲಗೆ ಕೆರೆದು ತೆಗೆದಿದ್ದರು. ಪಕ್ಕದ ಇಟ್ಟಿಗೆಗೆ ಒಂದು ಗೀರೂ ಇಲ್ಲ. ಅವಳು ತಿರುಗಿ ಅಂಗಳದ ಗೆರೆಗಳನ್ನು ನೋಡಿದಳು.

"ಪ್ರೂಯಿಟ್ ಅಲ್ಲ ಅತ್ತೆ," ಎಂದಳು ಹೊರಬಂದು. "ಅವ್ರು ಈಗ ಬಂದ ದಾರಿ ನೋಡು. ಅವ್ರಿಗೆ ಅಂಗಳ ಕಣ್ಣಿಗೇ ಬಿದ್ದಿಲ್ಲ. ಕಳ್ಳ ಇಡೀ ಅಂಗಳ ಗುಡಿಸಿ ಹೋಗಿದಾನೆ — ಬಾಗಿಲಿಂದ ಗೇಟಿನ ತನಕ, ಹಿಂದಕ್ಕೆ ನಡೀತಾ. ನಿನ್ನ ಗೆರೆ ಗಿಡ್ಡ, ನೇರ. ಇವು ಬೀಸಣಿಗೆ ಗೆರೆ. ಅಜ್ಜಿ ಇದನ್ನ ಕಲಿಸಿದ್ದು ಇಬ್ರಿಗೇ. ಒಬ್ರ ಭುಜ ಮುರಿದಿದೆ." ಅವಳು ಅಪ್ಪನ ಕಡೆ ತಿರುಗಿದಳು. "ಇನ್ನೊಬ್ರು... ಅಪ್ಪಾ, ಬುಟ್ಟೀಲಿ ಏನಿದೆ?"

ಲೆಮ್ಯುಯೆಲ್ ಬಟ್ಟೆ ಸರಿಸಿದ. ಬಿಸ್ಕತ್ತುಗಳ ಕೆಳಗೆ ಇಟ್ಟಿಗೆ!

"ತುಳಿದ ಅಂಗಳ ಹಂಗೇ ಬಿಟ್ಟು ಹೋಗಕ್ಕೆ ಮನಸ್ಸು ಬರ್ಲಿಲ್ಲ ಮಗಳೇ. ಅಮ್ಮ ಬೈತಾಳೆ ಅನ್ನಿಸ್ತು."

"ಆದ್ರೆ ಯಾಕಪ್ಪಾ?"

"ಸಮಿತಿಯವ್ರು ಇದನ್ನ ಕಿತ್ತು ಕೌಂಟಿ ಕೋರ್ಟ್ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಅವ್ರು ಹೋದ ಮೇಲೆ ಮತ್ತೆ ಇಲ್ಲೇ ಕೂರಿಸೋಣ ಅಂತಿದ್ದೆ. ಪ್ರತಿ ಭಾನುವಾರ ಬೆರಳಿಟ್ಟು ಬೆಳೆದೋರು ನಾವು. ಗಾಜಿನೊಳಗಿದ್ರೆ ನಮ್ಮ ಮಕ್ಕಳು ಎಲ್ಲಿ ಬೆರಳಿಡ್ಬೇಕು?"

"ಓಣಿನೇ ಹೋದ್ರೆ ಬೆರಳಿಡಕ್ಕೆ ಮಕ್ಕಳೆಲ್ಲಿರ್ತಾರೆ? ಗೋಡೇಲೇ ಇರ್ಲಿ ಅಂತ ಬಾಯಿಬಿಟ್ಟು ಹೇಳು. ನಡಿ ಅಪ್ಪಾ, ಗಾರೆ ಕಲಸು."

ಹತ್ತು ಗಂಟೆಗೆ ಸಮಿತಿಯ ಹೆಂಗಸು ಬಂದಾಗ ಗಾರೆ ಇನ್ನೂ ಹಸಿಯಾಗಿತ್ತು. ಲೆಮ್ಯುಯೆಲ್ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ, "ಬೆರಳಿಟ್ಟು ನೋಡಿ ಅಮ್ಮಾ," ಎಂದ. ಅವಳ ಬೆರಳ ತುದಿಗಳಷ್ಟೇ ಆ ಪುಟ್ಟ ಗುಳಿಗಳಲ್ಲಿ ಹಿಡಿಸಿದವು. ಆಮೇಲೆ ಕಾಗದದಲ್ಲಿ ಗಾಜಿನ ಪೆಟ್ಟಿಗೆಯ ಸಾಲು ಹೊಡೆದುಹಾಕಿ, ಪಟ್ಟಿಯಲ್ಲಿ ಓಣಿಯ ಹೆಸರು ಬರೆದಳು. ಪ್ರೂಯಿಟ್ ಹೊರಟ — ಮತ್ತೆ ಅಂಗಳದ ನಡುವೆಯೇ.

"ಇನ್ನು ಈ ಕಳ್ಳಂಗೆ ಶಿಕ್ಷೆ?" ಎಂದಳು ರೆನೆಟ್ಟಾ.

ಓಝೆಲ್ಲಾ ಅತ್ತೆ ಗೇಟಿಗೆ ಒರಗಿದ್ದ ಪೊರಕೆ ತಂದು ತಮ್ಮನ ಕೈಗಿಟ್ಟಳು.

"ಸಾಯೋ ತನಕ ದಿನಾ ನೀನೇ ಗುಡಿಸು. ಅಮ್ಮ ಹೇಳ್ಕೊಟ್ಟ ಹಾಗೆ."