ಅರ್ಧಕ್ಕೆ ನಿಂತ ಕಿತ್ತಳೆ ಚುಕ್ಕಿಗಳು

"ಬ್ರೇಕ್! ಮೇಷ್ಟ್ರೇ, ಬ್ರೇಕ್!!"

ಕೂಗುವಷ್ಟರಲ್ಲಿ ಅವಳ ಕಾಲು ಎರಡನೇ ಬ್ರೇಕನ್ನು ಒತ್ತಿಯಾಗಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅವಳ ವಿದ್ಯಾರ್ಥಿಗಳೆಲ್ಲ ಇನ್ನೂ ಬದುಕಿರುವುದು ಅದರ ಪುಣ್ಯದಿಂದ.

ನಿವೃತ್ತ ಲೆಕ್ಕದ ಮೇಷ್ಟ್ರು ಗೇರ್ ಹಾಕಿದ್ದು ಮುಂದಕ್ಕೆ ಹೋಗಲು. ಕಾರು ಹೊರಟಿದ್ದು ಹಿಂದಕ್ಕೆ.

ಟಕ್!

"ಅಲುಗಾಡಬೇಡಿ! ಇನ್ನೂ ಮುಗಿದಿಲ್ಲ!"

ಹಿಂದಿನಿಂದ ಗಂಡು ದನಿ. ಅಯ್ಯೋ... ಯಾರಿಗೆ ಏನಾಯಿತೋ!

ಇಳಿದು ಓಡಿದಳು. ಮುಸ್ಸಂಜೆಯ ರಸ್ತೆಯಂಚಿನಲ್ಲಿ ಮೂರು ಕಾಲಿನ ಸ್ಟ್ಯಾಂಡ್, ಅದರ ಮೇಲೊಂದು ಕ್ಯಾಮೆರಾ. ಅದನ್ನು ಮಗುವಿನಂತೆ ಅವಚಿಕೊಂಡು ಒಬ್ಬ ಯುವಕ ಮಂಡಿಯೂರಿದ್ದ. ಕಾರಿನ ಹಿಂಬದಿ ದೀಪ ಸ್ಟ್ಯಾಂಡಿಗೆ ತಾಗಿ ಕೆಂಪು ಗಾಜಿನ ಚೂರೊಂದು ಹಾರಿತ್ತು.

"ಸಾಯೋಕೆ ನಿಮಗೆ ಬೇರೆ ರಸ್ತೆ ಸಿಗಲಿಲ್ವೇನ್ರೀ?"

"ಶ್..." ಎಂದ ಅವನು, ಬೆರಳೆತ್ತಿ. ಕ್ಯಾಮೆರಾ ಕ್ಲಿಕ್ ಎಂದಿತು. "ಹಾಂ, ಈಗ ಬೈಯಿರಿ."

ಬೈಯಲು ಬಾಯಿ ತೆರೆದವಳು ಅವನು ತೋರಿಸಿದ ಪರದೆ ನೋಡಿ ಹಾಗೇ ನಿಂತಳು.

ಆ ಚಿತ್ರದಲ್ಲಿ ಕಾರುಗಳೇ ಇರಲಿಲ್ಲ! ಕೆಂಪು, ಬಿಳಿ ಬೆಳಕಿನ ಗೆರೆಗಳು ಮಾತ್ರ ರೇಷ್ಮೆ ಎಳೆಗಳಂತೆ ರಸ್ತೆಯುದ್ದಕ್ಕೂ ಹರಿದಿದ್ದವು. ತುದಿಯಲ್ಲಿ ಮಾತ್ರ ಎಲ್ಲ ಗೆರೆಗಳೂ ಒಮ್ಮೆಲೇ ಬೆಚ್ಚಿಬಿದ್ದಂತೆ ಕೊಂಕಿದ್ದವು.

"ಕ್ಯಾಮೆರಾ ಕಣ್ಣು ಅರ್ಧ ನಿಮಿಷ ತೆಗೆದೇ ಇರುತ್ತೆ. ಓಡೋ ಗಾಡಿ ಮಾಯ, ಬೆಳಕು ಮಾತ್ರ ಉಳಿಯುತ್ತೆ. ಈ ಕೊಂಕು ನೀವು ಗುದ್ದಿದ್ದು."

"ಈ ಕಿತ್ತಳೆ ಚುಕ್ಕಿ?"

ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಚುಕ್ಕಿಗಳ ಸಾಲೊಂದು ನೇರ ಕ್ಯಾಮೆರಾದ ಕಡೆಗೇ ಬಂದಿತ್ತು.

"ನಿಮ್ಮ ಇಂಡಿಕೇಟರ್! ಮಿಣುಕಿ ಮಿಣುಕಿ ಚುಕ್ಕಿಯಾಗಿದೆ. ಗುದ್ದೋಕೆ ಬರುವಾಗಲೂ ಇಂಡಿಕೇಟರ್ ಹಾಕ್ಕೊಂಡು ಬಂದಿದೀರಲ್ಲ, ಎಂಥ ಶಿಸ್ತು ಟೀಚರ್!"

ಅವಳಿಗೆ ನಗು ಬಂತು. ಬರಬಾರದಿತ್ತು!

ಕಿಟಕಿಯಿಂದ ಮೇಷ್ಟ್ರು ತಲೆ ಹೊರಹಾಕಿದರು. "ಅಮ್ಮಾ, ಪ್ಲಸ್ ಅಂದ್ಕೊಂಡು ಮೈನಸ್‌ಗೆ ಹಾಕ್ಬಿಟ್ಟೆ..."

ಪಾಪ, ಆ ಸಂಜೆ ಯಾರ ಲೆಕ್ಕ ತಪ್ಪಿತೆಂದು ಮೇಷ್ಟ್ರಿಗೇನು ಗೊತ್ತು?

*

ಡ್ರೈವಿಂಗ್ ಸ್ಕೂಲು ಅವಳ ಸೋದರತ್ತೆಯದು. ಅತ್ತೆಗೆ ಅವನು 'ಮೂರು ಕಾಲಿನವನು'. "ಎರಡು ಕಾಲಿರೋರನ್ನೇ ನಂಬೋ ಹಾಗಿಲ್ಲ, ಇವನಿಗೆ ಮೂರು!" ಎಂದು ಗೊಣಗುತ್ತಿದ್ದರೂ ಅವನು ಬಂದಾಗೆಲ್ಲ ಚಹಾ ಕೊಡುತ್ತಿದ್ದರು.

ಅವನಿಗೆ ಒಂದೇ ಒಂದು ಕಾರು ಬೇಕಿತ್ತು. ಊರಾಚೆಯ ಗುಡ್ಡದಲ್ಲಿ ಹಳೇ ರಸ್ತೆಯೊಂದಿತ್ತು, ಹಾವಿನಂತೆ ಸುತ್ತಿ ಸುತ್ತಿ ಇಳಿಯುವುದು. ಕೆಳಗೆ ಹೆದ್ದಾರಿಯಾದ ಮೇಲೆ ಇಲಾಖೆಯವರು ಅಡ್ಡಗಂಬ ಹಾಕಿ ಅದನ್ನು ಮುಚ್ಚಿದ್ದರು. ಅದರ ಮೇಲೆ ಒಂಟಿ ಕಾರೊಂದು ಇಳಿದರೆ, ಕತ್ತಲ ಗುಡ್ಡಕ್ಕೆ ಒಂದೇ ಎಳೆಯ ಬೆಳಕಿನ ಹಾರ! ಅವನಿಗೆ ಡ್ರೈವಿಂಗ್ ಬಾರದು. ಜೀವಮಾನವಿಡೀ ಕಾರುಗಳ ಫೋಟೋ ತೆಗೆದವನಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ತಿಳಿಯದು.

"ನಾನು ಓಡಿಸ್ತೀನಿ," ಎಂದಳು ಅವಳು. ಯಾಕೆ ಹಾಗಂದೆ ಎಂದು ಆಮೇಲೆ ಯೋಚಿಸಿದಳು.

ಅವನು ಅಡ್ಡಗಂಬ ಸರಿಸಿಕೊಟ್ಟ; ಪಾಠ ಮುಗಿದ ಸಂಜೆಗಳಲ್ಲಿ ಅವಳು ಆ ರಸ್ತೆ ಇಳಿದಳು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ತಡೆಗೋಡೆಯೂ ಇಲ್ಲದ ಕಂದಕ. ಅವನು ಮೇಲೆ ನೀರಿನ ಟ್ಯಾಂಕಿನ ಬಳಿ ನಿಂತು ಫೋನಿನಲ್ಲಿ ಹೇಳುತ್ತಿದ್ದ: "ಹೊರಡಿ... ನಿಧಾನ... ಅಯ್ಯೋ, ಚುಕ್ಕಿ ಬಂತು!"

"ತಿರುವಲ್ಲಿ ಇಂಡಿಕೇಟರ್ ಹಾಕದೇ ನನ್ನ ಕೈ ಕೇಳಲ್ಲ ಕಣ್ರೀ!"

"ಯಾರಿಗೆ ತೋರಿಸ್ತಿದೀರಿ? ನರಿಗಳಿಗಾ?" ಎಂದು, ಥಟ್ಟನೆ ಅತ್ತೆಯ ದನಿ ತೆಗೆದು, "ಏ ಕತ್ತೆ, ಕ್ಲಚ್ಚು ಬಿಡೇ! ಗಂಡನ ಮನೇಲೂ ಹಿಂಗೇ ತುಳ್ಕೊಂಡಿರ್ತೀಯಾ?" ಎನ್ನುತ್ತಿದ್ದ. ಥೇಟ್ ಅತ್ತೆಯೇ! ಅವಳು ನಕ್ಕು ನಕ್ಕು ಸ್ಟೀರಿಂಗ್ ಬಿಗಿಹಿಡಿಯುತ್ತಿದ್ದಳು.

ಆದರೆ ಕೊನೆಯ ತಿರುವಿನಲ್ಲಿ ಅವನ ಚೇಷ್ಟೆ ನಿಲ್ಲುತ್ತಿತ್ತು. ಅವಳು ಕೆಳಗಿಳಿದು "ಬಂದೆ" ಎನ್ನುವವರೆಗೂ ಫೋನಿನಲ್ಲಿ ಅವನ ಉಸಿರೂ ಕೇಳುತ್ತಿರಲಿಲ್ಲ. ಆಮೇಲೆ ಒಂದು ದೀರ್ಘ ನಿಟ್ಟುಸಿರು.

ಆ ನಿಟ್ಟುಸಿರಿಗಾಗಿಯೇ ಅವಳು ಮತ್ತೆ ಮತ್ತೆ ಇಳಿದಳು.

ಒಡೆದ ದೀಪ ಹಾಗೇ ಇತ್ತು. ಚೂರು ಹಾರಿದ ಜಾಗದಿಂದ ಸೋರುವ ಬೆಳಕು, ಪ್ರತಿ ಚಿತ್ರದಲ್ಲೂ ಕೆಂಪು ಗೆರೆಯ ಪಕ್ಕ ಕೂದಲೆಳೆಯಷ್ಟು ಬಿಳಿ ಗೆರೆ ಎಳೆಯುತ್ತಿತ್ತು. "ಬದಲಾಯಿಸೇ" ಎಂದು ಅತ್ತೆ ಬೈದಾಗೆಲ್ಲ ಅವಳು, "ಟೈಮಿಲ್ಲ ಅತ್ತೆ" ಎನ್ನುತ್ತಿದ್ದಳು.

ಕೊನೆಗೊಂದು ಸಂಜೆ ಅವಳು ಬಲಗೈಯನ್ನು ಇಂಡಿಕೇಟರಿನತ್ತ ಒಯ್ಯಲೇ ಇಲ್ಲ. ಚುಕ್ಕಿಯಿಲ್ಲದ ಹಾರ ಗುಡ್ಡದ ಕೊರಳಿಗೆ ಬಿತ್ತು.

"ಪ್ರದರ್ಶನಕ್ಕೆ ಇದೇ ಹೋಗೋದು," ಎಂದ ಅವನು. "ಬರ್ತೀರಲ್ಲ? ಅವತ್ತು ನಿಮಗೆ ಒಂದು ಮಾತು ಹೇಳ್ಬೇಕು."

*

ಅವಳು ಹೊಸ ಸೀರೆಯುಟ್ಟು ಹೋದಳು. ಗೋಡೆಯ ನಡುವೆ ಅವಳ ಹಾರ. ಕೆಳಗಿನ ಚೀಟಿಯಲ್ಲಿ ಹೆಸರು: 'ಯಾರೂ ಇಲ್ಲದ ರಸ್ತೆ'.

ಯಾರೂ... ಇಲ್ಲದ?

ಕಂಬದ ಪಕ್ಕ ಅವಳ ಕಾಲು ನಿಂತಿತು. ಅಲ್ಲೇ ಅವನು ಬೆನ್ನು ಮಾಡಿ ನಿಂತಿದ್ದ. ಕನ್ನಡಕದ ಹಿರಿಯರೊಬ್ಬರು ಕೇಳುತ್ತಿದ್ದರು: "ಈ ಕಾರು ಓಡಿಸಿದ್ದು ಯಾರು?"

'ಹೇಳು,' ಎಂದಿತು ಅವಳ ಮನಸ್ಸು. 'ಇವಳೇ ಅಂತ ಹೇಳು...'

"ಯಾರೂ ಇಲ್ಲ ಸಾರ್," ಎಂದ ಅವನು, ನಗುತ್ತಾ. "ಬೆಳಕು ಅಷ್ಟೇ."

ಅವಳ ಕಿವಿ ಗುಂಯ್ ಎಂದಿತು. ಕಂದಕದ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿದಿದ್ದು ಯಾರೂ ಅಲ್ಲವೇ? ಓಡುವುದೆಲ್ಲ ಮಾಯ ಎಂದಿದ್ದನಲ್ಲ. ನಾನೂ ಮಾಯ!

ಅವನು ತಿರುಗುವ ಮುಂಚೆ ಅವಳು ಬಾಗಿಲು ದಾಟಿದ್ದಳು.

ಅವನ ಒಂದು ಕರೆಯನ್ನೂ ಎತ್ತಲಿಲ್ಲ. ಪಕ್ಕದ ಊರಿನ ಶಾಖೆಗೆ ಕಲಿಸುವವರು ಬೇಕೆಂದು ಅತ್ತೆ ಎಂದಿನಿಂದಲೋ ಹೇಳುತ್ತಿದ್ದರು. "ನಾನೇ ಹೋಗ್ತೀನಿ," ಎಂದಳು.

"ಏನಾಯ್ತೇ? ಆ ಮೂರು ಕಾಲಿನವನು..."

"ಅವರ ಸುದ್ದಿ ಎತ್ತಬೇಡಿ ಅತ್ತೆ!"

ಬಟ್ಟೆಬರೆಯನ್ನು ಅದೇ ಕಾರಿನ ಹಿಂದಿನ ಸೀಟಿಗೆ ತುಂಬಿ ಹೊರಟಾಗ ದೀಪ ಹಚ್ಚುವ ಹೊತ್ತು. ಹೆದ್ದಾರಿ ತುಂಬ ಗಾಡಿಗಳು. ಗುಡ್ಡ ಹತ್ತಿರವಾದಾಗ, ನೋಡಬಾರದೆಂದುಕೊಂಡೇ ನೋಡಿದಳು.

ಟ್ಯಾಂಕಿನ ಬಳಿ, ಆರುತ್ತಿದ್ದ ಆಕಾಶದ ಮುಂದೆ, ಸಣ್ಣಗೆ ಕಪ್ಪಗೆ ಮೂರು ಕಾಲು. ಪಕ್ಕದಲ್ಲಿ ಎರಡು.

ಕಾಲು ತಾನಾಗಿ ಬ್ರೇಕಿಗೆ ಬಂತು. ಎಡಕ್ಕೆ ಟ್ಯಾಂಕಿನ ದಾರಿ. ಕೈ ಇಂಡಿಕೇಟರ್ ಹಾಕಿತು. ಟಿಕ್... ಟಿಕ್... ಟಿಕ್...

'ಒಂದೇ ಮಾತು ಕೇಳಿಬಿಡಲೇ? ನಿನಗೆ ನಾನು ಯಾರು ಅಂತ?'

ಪೋಂಽಽಽ! ಹಿಂದಿದ್ದ ಲಾರಿ ಎದೆ ನಡುಗುವಂತೆ ಹಾರ್ನ್ ಹೊಡೆಯಿತು. ಬೆಚ್ಚಿದಳು. ಇಂಡಿಕೇಟರ್ ಆರಿಸಿದಳು. ನೇರ ಹೋದಳು. ಮುಂದಿನ ರಸ್ತೆಯೆಲ್ಲ ಕಣ್ಣೀರಿನಲ್ಲಿ ಬೆಳಕಿನ ಗೆರೆಗಳಾಗಿ ಕಲಸಿಹೋಯಿತು... ಅದಕ್ಕೆ ಕ್ಯಾಮೆರಾ ಬೇಕಿರಲಿಲ್ಲ.

*

ಹೊಸ ಶಾಖೆಯಲ್ಲಿ ಗುಮಾಸ್ತೆ ಕೂಗಿದಳು: "ಅಕ್ಕಾ, ಹೊಸ ಸ್ಟೂಡೆಂಟ್! ಕಾರಲ್ಲೇ ಕೂತಿದಾರೆ!"

ಅವಳು ಬಂದು ಎಡಸೀಟಿನ ಬಾಗಿಲು ತೆರೆದಳು. ಸ್ಟೀರಿಂಗ್ ಹಿಂದೆ... ಅವನು!

"ಇಳೀರಿ," ಎಂದಳು.

"ಫೀಸು ಕಟ್ಟಿದೀನಿ ಟೀಚರ್. ನಿಮ್ಮತ್ತೇನೇ ಕಳಿಸಿದ್ದು." ಅವನು ಅತ್ತೆಯ ದನಿ ತೆಗೆದ: "'ಹೋಗೋ, ನಿಂಗೆ ಕಲೀಬೇಕಾದ್ದು ಬಹಳ ಇದೆ!'"

ಅವಳು ನಗಲಿಲ್ಲ. ಕೂತಳು. "ಕ್ಲಚ್ ಒತ್ತಿ. ಫಸ್ಟ್ ಗೇರ್." ಪಾಠ ಪಾಠವೇ!

ಕಾರು ಕುಪ್ಪಳಿಸುತ್ತಾ ಬೀದಿಗಿಳಿಯಿತು. ಅವಳ ಕಾಲು ಎರಡನೇ ಬ್ರೇಕಿನ ಮೇಲೇ ಇತ್ತು. ನಾಲ್ಕು ರಸ್ತೆ ಸೇರುವಲ್ಲಿ ದೀಪ ಹಸಿರಾಯಿತು, ಅವನು ಕ್ಲಚ್ ಬಿಟ್ಟ, ಕಾರು ಒಮ್ಮೆ ಒದರಿ ಆಫ್ ಆಯಿತು.

ಅವನು ಮತ್ತೆ ಸ್ಟಾರ್ಟ್ ಮಾಡಲಿಲ್ಲ. ಜೇಬಿನಿಂದ ಫೋಟೋವೊಂದನ್ನು ತೆಗೆದು ಅವಳ ಮಡಿಲಿಗಿಟ್ಟ.

ಟ್ಯಾಂಕಿನ ಬಳಿಯಿಂದ ತೆಗೆದ ಹೆದ್ದಾರಿ. ನೂರಾರು ಕೆಂಪು ಗೆರೆಗಳು. ಅವುಗಳಲ್ಲಿ ಒಂದರ ಪಕ್ಕ, ಕೂದಲೆಳೆಯಷ್ಟು ಬಿಳಿ. ಆ ಗೆರೆ ಎಡದಾರಿಯ ಬಳಿ ದಪ್ಪವಾಗಿತ್ತು. ಬ್ರೇಕ್ ಒತ್ತಿದ ಜಾಗ. ಅಲ್ಲಿಂದ ಕಿತ್ತಳೆ ಚುಕ್ಕಿಗಳು ಶುರುವಾಗಿ... ನಡುವೆಯೇ ನಿಂತಿದ್ದವು.

"ಹಾಕಿದ ಇಂಡಿಕೇಟರ್ ಯಾಕೆ ತೆಗೆದ್ರಿ?"

"ಹಿಂದಿನವನು ಹಾರ್ನ್ ಹೊಡೆದ..."

"ಅಷ್ಟೇನಾ?"

"ಅಲ್ಲ!" ಕಟ್ಟೆ ಒಡೆಯಿತು. "ಯಾರೂ ಇಲ್ಲ ಅಂದ್ರಲ್ಲ! ಕಂಬದ ಪಕ್ಕ ನಿಂತು ಕೇಳಿಸ್ಕೊಂಡೆ. ನಾನು ಯಾರೂ ಅಲ್ವಾ?"

ಅವನ ಮುಖ ಬಿಳುಚಿತು. "ನೀವು... ಬಂದಿದ್ರಾ?" "ಆ ಕನ್ನಡಕದವರು ರಸ್ತೆ ಇಲಾಖೆ ಎಂಜಿನಿಯರ್. ಅಡ್ಡಗಂಬ ಹಾಕಿಸಿದೋರೇ ಅವರು. ಮುಚ್ಚಿದ ರಸ್ತೇಲಿ ಓಡಿಸಿದ್ದು ನೀವು ಅಂದ್ರೆ ನಿಮ್ಮ ಲೈಸೆನ್ಸು, ಅತ್ತೆಯ ಸ್ಕೂಲು... ಆ ಹೆಸರಿಟ್ಟಿದ್ದೂ ಅದಕ್ಕೇ. ಫೋನ್ ಎತ್ತಿದ್ರೆ ಹೇಳ್ತಿದ್ದೆ."

ಹಿಂದೆ ಒಂದು ಹಾರ್ನ್.

"ಆಮೇಲೆ ನಾನೇ ಅವರ ಕಚೇರಿಗೆ ಹೋದೆ. ಅಡ್ಡಗಂಬ ಸರಿಸಿದ್ದು ನಾನೇ ಅಂತ ಬರೆದುಕೊಟ್ಟೆ. ಓಡಿಸಿದ್ದು ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ಚಿತ್ರ ಗೋಡೆಯಿಂದ ಇಳಿಸಿದ್ರು. ಇಳಿಸ್ಲಿ. ಅದರ ಹೆಸರು ಸುಳ್ಳು. ಆ ರಸ್ತೇಲಿ ಒಬ್ಬಳಿದ್ದಳು. ಅವಳು ಕೆಳಗೆ ತಲುಪೋ ತನಕ ನಾನು ಉಸಿರಾಡ್ತಿರಲಿಲ್ಲ."

ಎರಡು ಹಾರ್ನ್. ಮೂರು. ಯಾರೋ, "ಏನ್ರೀ, ಸಂಸಾರ ಹೂಡಿದೀರಾ ನಡು ರಸ್ತೇಲಿ?" ಎಂದು ಕೂಗಿದರು.

"ಇನ್ನೂ ಹೂಡಿಲ್ಲ ಸ್ವಾಮಿ, ಅದೇ ಕೇಳ್ತಿದೀನಿ!" ಎಂದು ಕಿಟಕಿಯಿಂದ ಕೂಗಿ, ಅವಳ ಕಡೆ ತಿರುಗಿದ. ಈ ಬಾರಿ ಅದು ಯಾರ ಅನುಕರಣೆಯೂ ಅಲ್ಲದ, ಅವನದೇ ದನಿ. "ಅವತ್ತು ಹೇಳಬೇಕಿದ್ದ ಮಾತು... ನೀನಿಲ್ಲದೆ ನನಗೆ ಆಗಲ್ಲ. ಹೊರಡಲಾ? ಹಿಂದಿನವರು ಬೈತಿದಾರೆ."

ಅವಳು ಕಣ್ಣೊರೆಸಿಕೊಂಡಳು.

"ಬೈಲಿ ಬಿಡು. ಹಾರ್ನಿಗೆ ಹೆದರಿ ಒಂದ್ಸಲ ತಪ್ಪು ದಾರಿ ಹಿಡಿದಾಗಿದೆ." ಅವನ ಕೈಯನ್ನು ಸ್ಟೀರಿಂಗಿನ ಪಕ್ಕದ ಕಡ್ಡಿಯ ಮೇಲಿಟ್ಟಳು. "ಮೊದಲು ಇಂಡಿಕೇಟರ್ ಹಾಕು."

"ಯಾವ ಕಡೆಗೆ?"

"ನಮ್ಮೂರ ಕಡೆಗೆ. ಅತ್ತೆ ಕಾಯ್ತಿರ್ತಾರೆ."

ಟಿಕ್... ಟಿಕ್... ಟಿಕ್...

"ತಿರುಗೋ ತನಕ ಆರಿಸಬಾರದು. ಗೊತ್ತಾಯ್ತಾ?"

"ತಿರುಗಿದ ಮೇಲೆ?"

"ತಾನಾಗೇ ಆರುತ್ತೆ, ದಡ್ಡ," ಎಂದು, ಅವಳು ಎರಡನೇ ಬ್ರೇಕಿನಿಂದ ಮೆಲ್ಲಗೆ ಕಾಲು ತೆಗೆದಳು.